ಹಳೇ ಸ್ಟುಡಿಯೋ ಲೈಟು, ಹಳೇ 120 ಕ್ಯಾಮೆರಾ: ಕೈಕೊಟ್ಟಾಗ ತಪ್ಪು ಯಾರದ್ದು?

ಊರೂರಿನ ಹಳೇ ಫೋಟೋ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅಟ್ಟದಿಂದ ಇಳಿದ ಸಾಮಾನು ಮಾರಾಟಕ್ಕೆ ಬರುತ್ತದೆ. ಒಂದು ಯಾಶಿಕಾ ಮ್ಯಾಟ್, ಅದೃಷ್ಟ ಇದ್ದರೆ ಒಂದು ಮಮಿಯಾ ಆರ್‌ಬಿ67 (ಎರಡೂ 120 ಅನ್ನುವ ಅಗಲ ರೋಲ್ ಫಿಲಂ ಹಾಕುವ ಕ್ಯಾಮೆರಾಗಳು), ಎರಡು ಸ್ಟುಡಿಯೋ ಫ್ಲಾಶ್, ತೂತು ಬಿದ್ದ ಛತ್ರಿ, ಸಿಕ್ಕು ಸಿಕ್ಕಾದ ವೈರು. ಮಲೆನಾಡಿನ ಒಂದು ಊರಿನಿಂದ ನಾನೂ ಹೀಗೇ ಒಂದು ಗಂಟು ಹೊತ್ತು ತಂದೆ. ಮೊದಲ ಮೂರು ರೋಲ್ ಪೂರ್ತಿ ಖಾಲಿ ಬಂದವು. ಕ್ಯಾಮೆರಾ ರಿಪೇರಿಗೆ ಕೊಟ್ಟೆ, 'ಏನೂ ತೊಂದರೆ ಇಲ್ಲ' ಅಂತ ವಾಪಸ್ ಬಂತು. ಲೈಟುಗಳೂ ಸರಿಯಾಗೇ ಹೊಡೆಯುತ್ತಿದ್ದವು. ಕೊನೆಗೆ ನೋಡಿದರೆ ಲೆನ್ಸಿನ ಪಕ್ಕದ ಒಂದು ಸಣ್ಣ ಲಿವರ್ ತಪ್ಪು ಜಾಗದಲ್ಲಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ಲೈಟು, ಕ್ಯಾಮೆರಾ ಎರಡನ್ನೂ ಸೆಕೆಂಡ್ ಹ್ಯಾಂಡ್ ತಂದವರ ಕಷ್ಟವೇ ಇದು. ಫೋಟೋ ಕೆಟ್ಟಾಗ ಎರಡರಲ್ಲಿ ಯಾವುದರ ತಪ್ಪು ಅಂತ ತಿಳಿಯುವುದಿಲ್ಲ. ಹಾಗಾಗಿ ಕೆಳಗಿನ ಪರೀಕ್ಷೆಗಳೆಲ್ಲ ಮೊದಲು ಇವೆರಡನ್ನು ಬೇರೆ ಮಾಡಿ ನೋಡುತ್ತವೆ. ಬಹುತೇಕ ಪರೀಕ್ಷೆಗಳಿಗೆ ಫಿಲಂ ಬೇಕಿಲ್ಲ.

ಕೊಳ್ಳಲು ಹೋಗುವಾಗ ಚೀಲದಲ್ಲಿ ಐದು ವಸ್ತು ಇರಲಿ: ಸಣ್ಣ ಟಾರ್ಚ್, ಸ್ಲೋ ಮೋಷನ್ ವಿಡಿಯೋ ತೆಗೆಯುವ ಫೋನು, ಅಗ್ಗದ ಮಲ್ಟಿಮೀಟರ್, ಸರಿಯಿದೆ ಅಂತ ಗೊತ್ತಿರುವ ಒಂದು ಸಿಂಕ್ ಕಾರ್ಡ್ (ಕ್ಯಾಮೆರಾದಿಂದ ಫ್ಲಾಶಿಗೆ ಹೋಗುವ ವೈರು), ಮತ್ತೆ ಹಾಳಾದ ಒಂದು 120 ರೋಲ್. ಆ ಹಾಳು ರೋಲನ್ನು ಎಷ್ಟು ಸಲ ಬೇಕಾದರೂ ಹಾಕಿ ಸುತ್ತಿ ನೋಡಬಹುದು. ಪರಿಚಯದವರ ಹತ್ತಿರ ಕೇಳಿಯಾದರೂ ಒಂದು ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮೊದಲು: ಫ್ಲಾಶ್ ಬಿಚ್ಚಬೇಡಿ

ಸ್ಟುಡಿಯೋ ಫ್ಲಾಶ್ ಒಳಗೆ ದೊಡ್ಡ ಕೆಪಾಸಿಟರ್‌ಗಳಿರುತ್ತವೆ. ಅವು ಸಾಮಾನ್ಯವಾಗಿ 300 ವೋಲ್ಟ್‌ಗೂ ಮೇಲೆ ಚಾರ್ಜ್ ಆಗುತ್ತವೆ. 400 ಜೂಲ್ ಲೈಟು ಅಂದರೆ 50 ಕೆಜಿಯ ಸಿಮೆಂಟ್ ಮೂಟೆಯನ್ನು 80 ಸೆಂಟಿಮೀಟರ್ ಮೇಲೆತ್ತುವಷ್ಟು ಶಕ್ತಿ. ಅಷ್ಟೂ ಒಂದೇ ಕ್ಷಣದಲ್ಲಿ ಕೈಯಿಂದ ಎದೆಗೆ ಹಾದರೆ ಜೀವ ಹೋಗಬಹುದು. ಪ್ಲಗ್ ಕಿತ್ತ ಮೇಲೂ ಚಾರ್ಜ್ ಒಳಗೆ ಉಳಿದಿರುತ್ತದೆ, ಕೆಟ್ಟ ಲೈಟಿನಲ್ಲಂತೂ ಎಷ್ಟು ಹೊತ್ತು ಉಳಿಯುತ್ತದೆ ಅಂತ ಹೇಳಲಾಗದು. ಮನೆಯಲ್ಲಿ ರೇಡಿಯೋ, ಮಿಕ್ಸಿ ಬಿಚ್ಚಿ ಅಭ್ಯಾಸ ಇದ್ದವರಿಗೂ ಈ ಮಾತು ಅನ್ವಯಿಸುತ್ತದೆ. ಹೊರಗಿನಿಂದ ನೋಡಬಹುದಾದ್ದನ್ನು ಮಾತ್ರ ನೋಡಿ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಮುರಿದಿದ್ದರೆ ಆ ಕೇಬಲ್ ಬಳಸಲೇಬೇಡಿ. ಪವರ್ ಪ್ಯಾಕ್ ಬೇರೆ, ಹೆಡ್ (ಬೆಳಕು ಹೊಡೆಯುವ ಭಾಗ) ಬೇರೆ ಇರುವ ಮಾದರಿಯಾದರೆ, ಆನ್ ಇರುವಾಗ ಹೆಡ್‌ನ ಕೇಬಲ್ ಕೀಳಬೇಡಿ, ಚುಚ್ಚಬೇಡಿ. ಮೊದಲು ಆಫ್ ಮಾಡಿ, ಟೆಸ್ಟ್ ಬಟನ್ ಒತ್ತಿ ಚಾರ್ಜ್ ಖಾಲಿ ಮಾಡಿ, ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಮುಟ್ಟಿ.

ಸ್ವಿಚ್ ಹಾಕಿದರೂ ಲೈಟಿಗೆ ಜೀವ ಇಲ್ಲ

ಮೊದಲು ಗೋಡೆಯ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಗಬೇಡಿ, ಮುಚ್ಚಿದ ಸ್ಟುಡಿಯೋಗಳಲ್ಲಿ ಅರ್ಧ ಸಾಕೆಟ್ ಸತ್ತಿರುತ್ತವೆ. ಆಮೇಲೆ ಪವರ್ ಕೇಬಲ್. ಅನೇಕ ಲೈಟುಗಳಿಗೆ ಕಂಪ್ಯೂಟರ್‌ನ ಕೇಬಲ್ಲೇ ಸರಿಹೊಂದುತ್ತದೆ, ಬದಲಿಸಿ ನೋಡಿ.

ಮೂರನೆಯದು ಫ್ಯೂಸ್. ಪ್ಲಗ್ ತೆಗೆದ ಮೇಲೆ ಹಿಂಭಾಗದ ಪುಟ್ಟ ಮುಚ್ಚಳ ತಿರುಗಿಸಿದರೆ ಗಾಜಿನ ಫ್ಯೂಸ್ ಸಿಗುತ್ತದೆ. ಕೆಲವು ಲೈಟುಗಳಲ್ಲಿ ಫ್ಲಾಶಿಗೆ ಒಂದು, ಮಾಡೆಲಿಂಗ್ ಲ್ಯಾಂಪಿಗೆ (ನೆರಳು ಬೆಳಕು ನೋಡಲು ಸದಾ ಉರಿಯುವ ಬಲ್ಬಿಗೆ) ಒಂದು ಫ್ಯೂಸ್ ಬೇರೆ ಬೇರೆ ಇರುತ್ತದೆ. ಅದಕ್ಕೇ ಬಲ್ಬು ಉರಿದು ಫ್ಲಾಶ್ ಸತ್ತಿರಬಹುದು, ಫ್ಲಾಶ್ ಹೊಡೆದು ಬಲ್ಬು ಸತ್ತಿರಬಹುದು. ಹೊಸ ಫ್ಯೂಸ್ ಅದೇ ಆಂಪಿಯರ್‌ನದ್ದು, ಅದೇ ಬಗೆಯದ್ದು ಇರಬೇಕು. ಫ್ಯೂಸ್ ಬದಲು ತಂತಿ ಸುತ್ತುವ ನಮ್ಮ ಹಳೇ ಜಾಣತನ ಇಲ್ಲಿ ಬೇಡ. ಹೊಸ ಫ್ಯೂಸೂ ತಕ್ಷಣ ಹೋದರೆ ಒಳಗೆ ಶಾರ್ಟ್ ಆಗಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ.

ವಿದೇಶದಿಂದ ಬಂದ ಲೈಟಾದರೆ ಕೆಳಗಿನ ಚೀಟಿ ಓದಿ. ಅಮೆರಿಕದ್ದು 110-120 ವೋಲ್ಟಿನದ್ದಾಗಿರಬಹುದು. ನಮ್ಮ 230ಕ್ಕೆ ಚುಚ್ಚಿದರೆ ಒಂದೇ ಸಲಕ್ಕೆ ಮುಗಿಯಿತು. ಅಲ್ಲಿರುವ ಅಣ್ಣನೋ ಅಕ್ಕನೋ ಪ್ರೀತಿಯಿಂದ ಸೂಟ್‌ಕೇಸಲ್ಲಿ ತಂದುಕೊಟ್ಟ ಲೈಟು ಹೀಗೆ ಸಾಯುವುದೇ ಜಾಸ್ತಿ.

ಆನ್ ಆಗುತ್ತದೆ, ಆದರೆ ಚಾರ್ಜ್ ಆಗಲು ಒದ್ದಾಡುತ್ತದೆ, ಗುಂಯ್ ಅನ್ನುತ್ತದೆ

ವರ್ಷಗಟ್ಟಲೆ ಅಟ್ಟದಲ್ಲಿದ್ದ ಫ್ಲಾಶಿನ ಸಹಜ ಲಕ್ಷಣ ಇದು. ಇದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾದ ಆಕ್ಸೈಡ್ ಪದರ ಇರುತ್ತದೆ. ಬಳಸದೆ ಬಿಟ್ಟರೆ ಆ ಪದರ ದುರ್ಬಲವಾಗುತ್ತದೆ. ಒಮ್ಮೆಲೇ ಪೂರ್ತಿ ಪವರ್ ಕೊಟ್ಟರೆ ಕೆಪಾಸಿಟರ್ ಸಿಡಿಯಬಹುದು. ಮಾರುವವರು 'ನೋಡಿ ಸಾರ್, ಫುಲ್ ಪವರ್' ಅಂತ ಟಪ್ ಟಪ್ ಹೊಡೆದು ತೋರಿಸಲು ಹೊರಟರೆ ಅದಕ್ಕೇ ತಡೆಯಬೇಕು.

ಸರಿಯಾದ ಕ್ರಮ ಹೀಗೆ. ಪವರ್ ಅತಿ ಕಡಿಮೆಗೆ ಇಡಿ. ಆನ್ ಮಾಡಿ ಒಂದು ಗಂಟೆ ಸುಮ್ನೆ ಬಿಡಿ, ಆದರೆ ಕೋಣೆ ಬಿಟ್ಟು ಹೋಗಬೇಡಿ. ಆಮೇಲೆ ಕಡಿಮೆ ಪವರಿನಲ್ಲೇ ನಿಧಾನವಾಗಿ ಕೆಲವು ಸಲ ಹೊಡೆಯಿರಿ. ನಂತರ ಅರ್ಧ, ಕೊನೆಗೆ ಪೂರ್ತಿ. ಚಾರ್ಜ್ ಆಗುವ ಹೊತ್ತು ಕಮ್ಮಿಯಾಗುತ್ತಾ ಬಂದರೆ ಕೆಪಾಸಿಟರ್ ಚೇತರಿಸಿಕೊಳ್ಳುತ್ತಿದೆ. ಮೀನಿನಂಥ ಅಥವಾ ಸುಟ್ಟ ವಾಸನೆ, ಪಟ್ ಅನ್ನುವ ಸದ್ದು, ಹೊಗೆ, ಇದರಲ್ಲಿ ಯಾವುದು ಬಂದರೂ ಗೋಡೆಯ ಸ್ವಿಚ್ಚೇ ಆಫ್ ಮಾಡಿ ದೂರ ಸರಿಯಿರಿ. ಆ ಲೈಟು ಕೊಳ್ಳಬೇಡಿ. ಕೊಂಡಾಗಿದ್ದರೆ ಫ್ಲಾಶ್ ರಿಪೇರಿ ಗೊತ್ತಿರುವವರ ಬಳಿ ಮಾತ್ರ ಒಯ್ಯಿರಿ.

ಬ್ರ್ಯಾಂಡಿನ ಬಗ್ಗೆ ಒಂದು ಮಾತು. ಇಂಗ್ಲೆಂಡಿನ ಬೋವೆನ್ಸ್ ಕಂಪನಿ 2017ರಲ್ಲಿ ಬಾಗಿಲು ಹಾಕಿತು, ಕಂಪನಿಯ ಬಿಡಿಭಾಗದ ಆಸೆ ಬೇಡ. ಆದರೆ ಅದರ 'ಎಸ್' ಮೌಂಟ್ (ಲೈಟಿನ ಮುಂದೆ ಸಾಮಾನು ಸಿಕ್ಕಿಸುವ ಕೊಂಡಿ) ಇವತ್ತಿಗೂ ಬೇರೆ ಕಂಪನಿಗಳ ಲೈಟುಗಳಲ್ಲಿ ಬರುತ್ತದೆ. ಹಾಗಾಗಿ ಸಾಫ್ಟ್‌ಬಾಕ್ಸ್, ರಿಫ್ಲೆಕ್ಟರ್‌ಗಳು ಸುಲಭವಾಗಿ ಸಿಗುತ್ತವೆ. ಲೈಟು ಸತ್ತರೂ ಅದರ ಸಾಮಾನು ಉಪಯೋಗಕ್ಕೆ ಬರುತ್ತದೆ.

ರೆಡಿ ದೀಪ ಹತ್ತುತ್ತದೆ, ಟೆಸ್ಟ್ ಬಟನ್ ಒತ್ತಿದರೂ ಹೊಡೆಯುವುದಿಲ್ಲ

ಕೆಪಾಸಿಟರ್ ತುಂಬಿದೆ, ಟ್ಯೂಬ್ ಹೊತ್ತಿಕೊಳ್ಳುತ್ತಿಲ್ಲ. ಆಫ್ ಮಾಡಿ, ಪ್ಲಗ್ ತೆಗೆದು, ಕಾದು, ಮುಂದಿನಿಂದ ಟ್ಯೂಬ್ ನೋಡಿ. ಗಾಜು ಬಿರುಕು ಬಿಟ್ಟಿದ್ದರೆ, ಒಳಗೆ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಟ್ಯೂಬ್ ಸತ್ತಿದೆ. ತುದಿಗಳು ಮಾತ್ರ ಕಪ್ಪಾಗಿದ್ದರೆ ತುಂಬಾ ದುಡಿದ ಟ್ಯೂಬ್ ಎಂದರ್ಥ, ಇನ್ನೂ ಸ್ವಲ್ಪ ಕಾಲ ಹೊಡೆಯಬಹುದು. ಕೊಳ್ಳುವ ಮೊದಲು ಆ ಮಾದರಿಯ ಟ್ಯೂಬ್ ಎಲ್ಲಿ ಸಿಗುತ್ತದೆ ಅಂತ ಹುಡುಕಿ. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಇಲ್ಲಿ ಟೆಸ್ಟ್ ಬಟನ್ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ಚಾರ್ಜ್ ತುಂಬಿ ನಿಂತಿರುವ, ಹೊಡೆಯದ ಫ್ಲಾಶ್ ಅತಿ ಅಪಾಯದ್ದು. ಟ್ಯೂಬ್ ಚೆನ್ನಾಗಿಯೇ ಕಾಣುತ್ತಿದ್ದರೆ ದೋಷ ಟ್ರಿಗರ್ ಸರ್ಕಿಟ್‌ನಲ್ಲಿದೆ, ರಿಪೇರಿಯವರ ಕೆಲಸ. ಟ್ಯೂಬನ್ನಾಗಲೀ ಹ್ಯಾಲೊಜೆನ್ ಬಲ್ಬನ್ನಾಗಲೀ ಬರಿಗೈಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಬಿಸಿಗೆ ಹಾಳಾಗುತ್ತದೆ.

ಟೆಸ್ಟ್ ಬಟನ್ನಿಗೆ ಹೊಡೆಯುತ್ತದೆ, ಕ್ಯಾಮೆರಾದಿಂದ ಹೊಡೆಯುವುದಿಲ್ಲ

ಹತ್ತರಲ್ಲಿ ಎಂಟು ಸಲ ಸಿಂಕ್ ಕಾರ್ಡ್ ಕೆಟ್ಟಿರುತ್ತದೆ ಅಂತ ನನ್ನ ಅನುಭವ. ಹೊರಗೆ ಚೆನ್ನಾಗೇ ಕಾಣುತ್ತದೆ, ಒಳಗೆ ತಂತಿ ಮುರಿದಿರುತ್ತದೆ. ನಿಮ್ಮ ಕಾರ್ಡ್ ಹಾಕಿ ನೋಡಿ. ಇನ್ನೊಂದು ಇಲ್ಲದಿದ್ದರೆ ಕಾರ್ಡನ್ನು ಎರಡೂ ಕಡೆಯಿಂದ ಬಿಚ್ಚಿ ಮಲ್ಟಿಮೀಟರಿನಲ್ಲಿ ಬೀಪ್ ಬರುತ್ತದೆಯೇ ನೋಡಿ, ಜೊತೆಗೆ ವೈರನ್ನು ಅಲುಗಾಡಿಸಿ. ಕ್ಯಾಮೆರಾ ಕಡೆಯ, ಕಾರ್ಡ್ ಸಿಕ್ಕಿಸುವ ಪುಟ್ಟ 'ಪಿಸಿ' ಸಾಕೆಟ್ ಸಡಿಲವಾಗುವುದು ಹಳೇ ರೋಗ. ಕಾರ್ಡಿನ ತುದಿಯ ಹೊರ ಉಂಗುರವನ್ನು ಸ್ವಲ್ಪವೇ ಒತ್ತಿದರೆ ಬಿಗಿಯಾಗುತ್ತದೆ.

ಕಾರ್ಡ್ ಸರಿಯಿದ್ದರೆ ಕ್ಯಾಮೆರಾ ನೋಡಿ. ಶಟರ್ 'ಬಿ'ಗೆ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಸ್ಥಾನ) ಇಟ್ಟು, ಪಿಸಿ ಸಾಕೆಟ್ಟಿನ ಒಳಗೂ ಹೊರ ಉಂಗುರಕ್ಕೂ ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿ, ಗುಂಡಿ ಒತ್ತಿ ಹಿಡಿಯಿರಿ. ಬೀಪ್ ಬಂದರೆ ಕ್ಯಾಮೆರಾ ನಿರ್ದೋಷಿ. ಆರ್‌ಬಿ67 ಲೆನ್ಸುಗಳಲ್ಲಿ 'ಬಿ' ಬದಲು 'ಟಿ' ಇರುತ್ತದೆ.

ಮಲ್ಟಿಮೀಟರ್ ಕೈಯಲ್ಲಿ ಇದ್ದಾಗಲೇ ಇನ್ನೊಂದು ಅಳತೆ ತೆಗೆದುಬಿಡಿ. ಲೈಟು ಆನ್ ಮಾಡಿ, ಅದರ ಸಿಂಕ್ ಕಾರ್ಡಿನ ಇನ್ನೊಂದು ತುದಿಯಲ್ಲಿ ಡಿಸಿ ವೋಲ್ಟ್ ಎಷ್ಟಿದೆ ನೋಡಿ, ಲೋಹ ಮುಟ್ಟದೆ. ಹಳೇ ಫ್ಲಾಶ್‌ಗಳಲ್ಲಿ ಇದು 100, 200 ವೋಲ್ಟ್ ಕೂಡ ಇರುತ್ತದೆ. ಯಾಶಿಕಾದಂಥ ಲೋಹದ ಸ್ವಿಚ್ಚಿನ ಶಟರ್ ಇದನ್ನು ತಡೆದುಕೊಳ್ಳುತ್ತದೆ. ಅದೇ ಕಾರ್ಡನ್ನು ಬೆಳಕು ಪರೀಕ್ಷೆ ಮಾಡೋಣ ಅಂತ ಡಿಜಿಟಲ್ ಕ್ಯಾಮೆರಾಕ್ಕೆ ಚುಚ್ಚಿದರೆ ಅದರ ಸರ್ಕಿಟ್ ಸುಡಬಹುದು. ಡಿಜಿಟಲ್‌ಗೆ ವೈರಿಲ್ಲದೆ ಫ್ಲಾಶ್ ಹೊಡೆಸುವ ರೇಡಿಯೋ ಟ್ರಿಗರ್ ಬಳಸಿ, ಆದರೆ ಟ್ರಿಗರ್ ಎಷ್ಟು ವೋಲ್ಟ್ ತಡೆಯುತ್ತದೆ ಅನ್ನುವುದನ್ನೂ ಓದಿಕೊಳ್ಳಿ.

ಫ್ಲಾಶ್ ಹೊಡೆಯಿತು, ಶಟರ್ ಸದ್ದೂ ಬಂತು, ನೆಗೆಟಿವ್ ಮಾತ್ರ ಖಾಲಿ

ನನ್ನ ಮೂರು ರೋಲ್ ನುಂಗಿದ್ದು ಇದೇ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ನೆಗೆಟಿವ್‌ನ ಅಂಚು ನೋಡಿ. ಕೊಡಕ್, ಇಲ್ಫರ್ಡ್ ಫಿಲಂಗಳ ಅಂಚಿನಲ್ಲಿ ಕಂಪನಿ ಹೆಸರು, ಫ್ರೇಮ್ ಅಂಕಿ ಇರುತ್ತವೆ. ಅವನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ, ಡೆವಲಪ್ ಆದಾಗ ಮಾತ್ರ ಕಾಣುತ್ತವೆ. ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ ಅಂದರೆ ತಪ್ಪು ಡೆವಲಪರ್‌ನದ್ದು. ದ್ರಾವಣ ಸತ್ತಿತ್ತು, ಇಲ್ಲವೇ ಆಮೇಲೆ ಹಾಕಬೇಕಾದ ಫಿಕ್ಸರ್ ಮೊದಲು ಸುರಿದಿದ್ದೀರಿ. ಅಕ್ಷರ ಇದೆ, ಚಿತ್ರ ಇಲ್ಲ ಅಂದರೆ ಫಿಲಂಗೆ ಬೆಳಕೇ ತಾಗಿಲ್ಲ. ಆಗ ಕ್ಯಾಮೆರಾ ಕಡೆ ತಿರುಗಿ. ಪೂರ್ತಿ ಕಪ್ಪು ಬಂದರೆ ಎಲ್ಲೋ ಫಿಲಂ ಬೆಳಕಿಗೆ ತೆರೆದುಕೊಂಡಿದೆ.

ಈಗ ಲೆನ್ಸಿನ ಪಕ್ಕದ ಪುಟ್ಟ ಲಿವರ್ ನೋಡಿ. ಆ ಕಾಲದ ಅನೇಕ ಲೀಫ್ ಶಟರ್‌ಗಳಲ್ಲಿ (ಲೆನ್ಸಿನೊಳಗೇ ಎಲೆಯಂಥ ಬ್ಲೇಡುಗಳಿರುವ ಶಟರ್) 'ಎಂ' ಮತ್ತು 'ಎಕ್ಸ್' ಅಂತ ಎರಡು ಗುರುತು ಇರುತ್ತವೆ. 'ಎಂ' ಇರುವುದು ಒಂದೇ ಸಲ ಉರಿದು ಹೋಗುತ್ತಿದ್ದ ಹಳೇ ಫ್ಲಾಶ್ ಬಲ್ಬುಗಳಿಗೆ. ಅವು ಪೂರ್ತಿ ಬೆಳಗಲು 15-20 ಮಿಲಿಸೆಕೆಂಡು ಬೇಕಿತ್ತು. ಅದಕ್ಕೆ ಶಟರ್ ಮೊದಲು ಬಲ್ಬು ಹೊತ್ತಿಸಿ, ಕಾದು, ಆಮೇಲೆ ತೆರೆಯುತ್ತಿತ್ತು. ಸ್ಟುಡಿಯೋ ಫ್ಲಾಶ್ ಕೆಲವೇ ಮಿಲಿಸೆಕೆಂಡಿನಲ್ಲಿ ಬೆಳಗಿ ಆರಿಹೋಗುತ್ತದೆ. ಲಿವರ್ 'ಎಂ'ನಲ್ಲಿದ್ದರೆ ಶಟರ್ ಬಾಗಿಲು ತೆರೆಯುವಷ್ಟರಲ್ಲಿ ಮದುವೆ ಮುಗಿದು ಪೆಂಡಾಲ್ ಬಿಚ್ಚಿರುತ್ತಾರೆ. ಕಣ್ಣಿಗೆ ಮಾತ್ರ ಎರಡೂ ಒಟ್ಟಿಗೇ ಆದಂತೆ ಕಾಣುತ್ತದೆ. ಲಿವರ್ 'ಎಕ್ಸ್'ಗೆ ಇಡಿ. ಬೇಕಾದರೆ ಟೇಪ್ ಹಚ್ಚಿಬಿಡಿ. ನನ್ನದರಲ್ಲಿ ಇವತ್ತಿಗೂ ಟೇಪ್ ಇದೆ.

ಮೂರನೇ ಗುರುತು 'ವಿ' ಇದ್ದರೆ ಅದು ಸೆಲ್ಫ್ ಟೈಮರ್. ಹಳೇ ಲೆನ್ಸಿನಲ್ಲಿ ಅದನ್ನು ಮುಟ್ಟಬೇಡಿ. ಅದರ ಗಿಯರ್ ಒಣಗಿ ಅರ್ಧದಲ್ಲಿ ನಿಂತರೆ ಶಟರ್ ಪೂರ್ತಿ ಸಿಕ್ಕಿಕೊಳ್ಳುತ್ತದೆ.

ಫಿಲಂ ಇಲ್ಲದೆ ಪರೀಕ್ಷಿಸುವುದು ಸುಲಭ. ಯಾಶಿಕಾ ಮ್ಯಾಟ್ ಆದರೆ ಹಿಂದಿನ ಬಾಗಿಲು ತೆರೆಯಿರಿ. ಹ್ಯಾಸೆಲ್‌ಬ್ಲಾಡ್, ಆರ್‌ಬಿ ಆದರೆ ಫಿಲಂ ಬ್ಯಾಕ್ (ಹಿಂದೆ ಸಿಕ್ಕಿಸುವ ಫಿಲಂ ಡಬ್ಬಿ) ತೆಗೆಯಿರಿ. ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಪೂರ್ತಿ ತೆರೆದು, ಕ್ಯಾಮೆರಾವನ್ನು ಬಿಳಿ ಗೋಡೆಗೆ ತಿರುಗಿಸಿ, ಫ್ಲಾಶನ್ನೂ ಗೋಡೆಗೇ ಹೊಡೆಸಿ, ಹಿಂದಿನಿಂದ ಲೆನ್ಸ್ ಒಳಗೆ ನೋಡಿ. ಗುಂಡನೆಯ ಪೂರ್ತಿ ಬಿಳಿ ಬಿಲ್ಲೆ ಮಿಂಚಿದರೆ ಸಿಂಕ್, ಅಂದರೆ ಫ್ಲಾಶ್ ಮತ್ತು ಶಟರಿನ ಹೊಂದಾಣಿಕೆ, ಸರಿಯಿದೆ. ನಕ್ಷತ್ರದಂತೆ ಸಣ್ಣಗೆ ಕಂಡರೆ ಶಟರ್ ಪೂರ್ತಿ ತೆರೆಯುವ ಮುಂಚೆಯೋ ಮುಚ್ಚುವಾಗಲೋ ಫ್ಲಾಶ್ ಹೊಡೆಯುತ್ತಿದೆ. ಏನೂ ಕಾಣದಿದ್ದರೆ ಲಿವರ್ ಇನ್ನೂ 'ಎಂ'ನಲ್ಲೇ ಇದೆ, ಇಲ್ಲವೇ ಶಟರ್ ತೆರೆಯುತ್ತಲೇ ಇಲ್ಲ. ಫ್ಲಾಶನ್ನೇ ನೇರ ದಿಟ್ಟಿಸಬೇಡಿ, ಗೋಡೆಯ ಬೆಳಕು ಸಾಕು.

ಆರ್‌ಬಿ67ಗೆ ಇನ್ನೂ ಒಂದು ಬಲೆ ಇದೆ. ಲೆನ್ಸಿನ ಮೇಲೆ ಕನ್ನಡಿ ಎತ್ತಿಡುವ ಗುಂಡಿ ಇರುತ್ತದೆ, 'ಎನ್' ಮತ್ತು 'ಎಂ' (ಮೇಲೆ ಹೇಳಿದ 'ಎಂ' ಅಲ್ಲ) ಅಂತ ಎರಡು ಸ್ಥಾನ. 'ಎಂ'ನಲ್ಲಿದ್ದರೆ ಬಾಡಿಯ ಗುಂಡಿ ಒತ್ತಿದಾಗ ಕನ್ನಡಿ ಮಾತ್ರ ಧಡ್ ಅಂತ ಏಳುತ್ತದೆ. ಶಟರ್ ಲೆನ್ಸಿಗೆ ಸಿಕ್ಕಿಸಿದ ಕೇಬಲ್ಲಿಗಾಗಿ ಕಾಯುತ್ತಾ ಕೂರುತ್ತದೆ. ಆರ್‌ಬಿ ಕನ್ನಡಿಯ ಸದ್ದು ಎಷ್ಟು ದೊಡ್ಡದೆಂದರೆ ಫೋಟೋ ಆಯಿತು ಅಂತಲೇ ಎಲ್ಲರೂ ನಂಬುತ್ತಾರೆ.

ಇಷ್ಟೆಲ್ಲ ಸರಿಯಿದ್ದೂ ಖಾಲಿ ಬಂದರೆ ಫಿಲಂ ಹಾಕಿದ ರೀತಿ ನೋಡಿ. 120 ಫಿಲಂನ ಹಿಂದೆ ಕಾಗದ ಇರುತ್ತದೆ, ಅದರ ಕಪ್ಪು ಬದಿ ಲೆನ್ಸ್ ಕಡೆ ಇರಬೇಕು. ಹ್ಯಾಸೆಲ್‌ಬ್ಲಾಡ್ ಮ್ಯಾಗಜಿನ್‌ನಲ್ಲಿ (ಅದರ ಫಿಲಂ ಬ್ಯಾಕ್‌ಗೆ ಹೀಗನ್ನುತ್ತಾರೆ) ತಿರುವು ಜಾಸ್ತಿ, ಉಲ್ಟಾ ಹಾಕುವುದು ಸುಲಭ. ಉಲ್ಟಾ ಹಾಕಿದರೆ ಬೆಳಕು ಕಾಗದಕ್ಕೇ ಬಿದ್ದು ಅಲ್ಲೇ ಮುಗಿಯುತ್ತದೆ.

ಅರ್ಧ ಚಿತ್ರ ಬಂತು, ಉಳಿದರ್ಧ ಕತ್ತಲು

ಇದು ಲೈಟಿನ ದೋಷವಲ್ಲ. ಮಮಿಯಾ 645, ಪೆಂಟ್ಯಾಕ್ಸ್ 67 ಕ್ಯಾಮೆರಾಗಳಲ್ಲಿ ಶಟರ್ ಇರುವುದು ಬಾಡಿಯೊಳಗೆ, ಪರದೆಯ ಹಾಗೆ. ಫ್ಲಾಶ್ ಹೊಡೆಯುವಾಗ ಪರದೆ ಪೂರ್ತಿ ತೆರೆದಿರಬೇಕು. ಹಳೇ ಮಮಿಯಾ 645ರಲ್ಲಿ ಅದಕ್ಕೆ 1/60 ಸೆಕೆಂಡು, ಪೆಂಟ್ಯಾಕ್ಸ್ 67ರಲ್ಲಿ 1/30 ಮಿತಿ. ಅದಕ್ಕಿಂತ ವೇಗ ಇಟ್ಟರೆ ಪಟ್ಟೆ ಬೀಳುತ್ತದೆ. ಸ್ಟುಡಿಯೋ ಫ್ಲಾಶ್‌ಗೆ ಅಂತಲೇ ಕ್ಯಾಮೆರಾ ಹುಡುಕುತ್ತಿದ್ದರೆ ಲೆನ್ಸಿನೊಳಗೇ ಶಟರ್ ಇರುವುದನ್ನು ಕೊಳ್ಳಿ. ಅದು ಎಲ್ಲ ವೇಗದಲ್ಲೂ ಸಿಂಕ್ ಆಗುತ್ತದೆ. ಆದರೂ 1/125 ದಾಟಬೇಡಿ, ಹಳೇ ದೊಡ್ಡ ಲೈಟುಗಳ ಮಿಂಚು ಕೊಂಚ ಉದ್ದ, 1/500ರಲ್ಲಿ ಅದರ ಬಾಲ ಕತ್ತರಿಸಿ ಹೋಗುತ್ತದೆ.

ಒಂದು ಫ್ರೇಮ್ ಸರಿ, ಇನ್ನೊಂದು ಮಂಕು

ಮೊದಲು ಲೈಟಿನ ಮೇಲೆ ಅನುಮಾನ ಪಡಿ. ರೆಡಿ ದೀಪ ಹತ್ತಿದ ಮೇಲೂ ಎರಡು ಮೂರು ಸೆಕೆಂಡು ಕಾದು ಹೊಡೆದು ನೋಡಿ. ಅನೇಕ ಹಳೇ ಲೈಟುಗಳಲ್ಲಿ ಚಾರ್ಜ್ ಪೂರ್ತಿ ಆಗುವ ಮೊದಲೇ ದೀಪ ಹತ್ತುತ್ತದೆ. ಫ್ಲಾಶ್ ಮೀಟರ್ ಇದ್ದರೆ ಹತ್ತು ಸಲ ಹೊಡೆದು ಬರೆದುಕೊಳ್ಳಿ. ಮೀಟರ್ ಇಲ್ಲದಿದ್ದರೆ ಡಿಜಿಟಲ್ ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಇಟ್ಟು ಬಿಳಿ ಗೋಡೆಯ ಹತ್ತು ಫೋಟೋ ತೆಗೆಯಿರಿ. ಹತ್ತೂ ಒಂದೇ ಥರ ಬಂದರೆ ಲೈಟು ಪಾಸು.

ಲೈಟು ಪಾಸಾದರೆ ಶಟರ್. ಫ್ಲಾಶ್ ಫೋಟೋಗಳು ಸರಿಯಿದ್ದು, ಹಗಲಿನ ಬೆಳಕಿನ ಫೋಟೋ ಮಾತ್ರ ಜಾಸ್ತಿ ಎಕ್ಸ್‌ಪೋಸ್ ಆಗಿದ್ದರೆ ಶಟರ್ ನಿಧಾನವಾಗಿದೆ ಅಂತ ನಿಶ್ಚಿಂತೆಯಿಂದ ಹೇಳಬಹುದು. ಫ್ಲಾಶಿಗೆ ಶಟರ್ ವೇಗ ಅಷ್ಟಾಗಿ ಲೆಕ್ಕಕ್ಕಿಲ್ಲ, ಹಗಲಿಗೆ ಅದೇ ಲೆಕ್ಕ. ಹಿಂದಿನಿಂದ ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ತೆಗೆಯಿರಿ. 1/30 ಇಟ್ಟಿದ್ದರೆ ಶಟರ್ 8 ಫ್ರೇಮ್ ತೆರೆದಿರಬೇಕು, 1/60ಕ್ಕೆ 4. 1/30ರಲ್ಲಿ 16 ಫ್ರೇಮ್ ಬಂದರೆ ಒಂದು ಸ್ಟಾಪ್ ನಿಧಾನ, ಅಂದರೆ ಬೆಳಕು ಎರಡರಷ್ಟು. ಇದಕ್ಕಿಂತ ವೇಗವನ್ನು ಫೋನು ನೆಚ್ಚಿಕೊಂಡು ಅಳೆಯಲಾಗದು. 1 ಸೆಕೆಂಡಿನದ್ದನ್ನು ಕಿವಿಯಲ್ಲೇ ಕೇಳಿ. ಹಳೇ ಗಡಿಯಾರದ ಹಾಗೆ ಒಂದೇ ಸಮ ಸರ್ರ್ ಅನ್ನಬೇಕು, ನಡುವೆ ತಡವರಿಸಿದರೆ ಎಣ್ಣೆ ಒಣಗಿದೆ. ಬ್ಲೇಡಿನ ಮೇಲೆ ಜಿಡ್ಡಿನ ಹೊಳಪು ಕಂಡರೂ ಇದೇ ಕಥೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ, ದಮ್ಮಯ್ಯ. ಮೂರು ದಿನ ಓಡುತ್ತದೆ, ಆಮೇಲೆ ಧೂಳು ಮೆತ್ತಿಕೊಂಡು ಶಾಶ್ವತವಾಗಿ ನಿಲ್ಲುತ್ತದೆ. ಶಟರ್ ಸರ್ವಿಸ್ ತಿಳಿದವರ ಕೆಲಸ. ಆ ಖರ್ಚನ್ನು ಬೆಲೆ ಮಾತಾಡುವಾಗಲೇ ಕಳೆಯಿರಿ.

ಯಾಶಿಕಾ ಮ್ಯಾಟ್ 124ಜಿಯ ಮೀಟರ್ ನಂಬಿ ತೆಗೆದ ಫೋಟೋಗಳೆಲ್ಲ ಒಂದೇ ಥರ ಮಂಕಾಗಿದ್ದರೆ ಬ್ಯಾಟರಿ ನೋಡಿ. ಆ ಮೀಟರ್ ಮಾಡಿದ್ದು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ, ಅದು ಈಗ ಮಾರುಕಟ್ಟೆಯಲ್ಲಿಲ್ಲ. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮುಳ್ಳು ಜಾಸ್ತಿ ಬೆಳಕು ತೋರಿಸುತ್ತದೆ, ನೀವು ಕಡಿಮೆ ಎಕ್ಸ್‌ಪೋಸ್ ಮಾಡುತ್ತೀರಿ. ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಝಿಂಕ್ ಏರ್ ಬ್ಯಾಟರಿಗೆ ರಬ್ಬರ್ ಉಂಗುರ ಸುತ್ತಿ ಹಾಕಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ, ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಮೀಟರ್ ಪೂರ್ತಿ ಸತ್ತಿದ್ದರೂ ಕ್ಯಾಮೆರಾ ಬಿಡಬೇಡಿ. ಫ್ಲಾಶ್ ಕೆಲಸಕ್ಕೆ ಆ ಮೀಟರ್ ಹೇಗೂ ಬರುವುದಿಲ್ಲ, ಹಗಲಿಗೆ ಫೋನಿನ ಆ್ಯಪ್ ಸಾಕು.

ಆರ್‌ಬಿಯಲ್ಲಿ ಮುಖದ ಹತ್ತಿರ ಹೋದಾಗ ಮಾತ್ರ ಮಂಕಾದರೆ ಕೆಟ್ಟಿದ್ದು ಏನೂ ಇಲ್ಲ. ಲೆನ್ಸನ್ನು ಮುಂದೆ ಹಿಂದೆ ಸರಿಸುವ ತಿದಿ (ಮಡಿಕೆ ಮಡಿಕೆಯ ಚೀಲ) ಉದ್ದವಾದಷ್ಟೂ ಬೆಳಕು ಕಡಿಮೆ. 127 ಎಂಎಂ ಲೆನ್ಸಿನಲ್ಲಿ ತಿದಿ ಐದು ಸೆಂಟಿಮೀಟರಿನಷ್ಟು ಹೊರಬಂದರೆ ಹೆಚ್ಚುಕಡಿಮೆ ಒಂದು ಸ್ಟಾಪ್ ಹೋಗುತ್ತದೆ. ಬಾಡಿಯ ಪಕ್ಕದಲ್ಲೇ ಅದರ ಪಟ್ಟಿ ಅಂಟಿಸಿರುತ್ತಾರೆ. ಹ್ಯಾಸೆಲ್‌ಬ್ಲಾಡ್ 500ಸಿ/ಎಂನಲ್ಲಿ ನಿಧಾನ ವೇಗದ ಫೋಟೋ ಮಾತ್ರ ಮಂಕಾದರೆ ನಿಮ್ಮ ಬೆರಳೇ ಕಾರಣ. ಗುಂಡಿ ಬಿಟ್ಟೊಡನೆ ಹಿಂದಿನ ಎರಡು ರೆಕ್ಕೆ ಮುಚ್ಚುತ್ತವೆ. ಶಟರ್ ಮುಗಿಯುವವರೆಗೂ ಒತ್ತಿ ಹಿಡಿಯಬೇಕು.

ಕ್ಯಾಮೆರಾ ಹೊಡೆಯುವುದೇ ಇಲ್ಲ

'ಜಾಮ್ ಆಗಿದೆ' ಅಂತ ಅಗ್ಗಕ್ಕೆ ಮಾರುವ ಎಷ್ಟೋ ಕ್ಯಾಮೆರಾಗಳಲ್ಲಿ ಡಾರ್ಕ್ ಸ್ಲೈಡ್ ತೆಗೆದಿರುವುದಿಲ್ಲ, ಅಷ್ಟೇ. ಫಿಲಂ ಬ್ಯಾಕ್‌ನಲ್ಲಿ ತೂರಿಸಿರುವ ಆ ತಗಡಿನ ಹಾಳೆ ಇರುವವರೆಗೆ ಹ್ಯಾಸೆಲ್‌ಬ್ಲಾಡ್ ಆಗಲೀ ಆರ್‌ಬಿ ಪ್ರೊ ಎಸ್ ಆಗಲೀ ಹೊಡೆಯುವುದಿಲ್ಲ. ಆರ್‌ಬಿಯಲ್ಲಿ ಗುಂಡಿಯ ಸುತ್ತಲ ಉಂಗುರದ ಲಾಕ್ ನೋಡಿ, ಪಕ್ಕದ ದೊಡ್ಡ ಲಿವರ್ ಪೂರ್ತಿ ಕೆಳಗೆ ತಳ್ಳಿದ್ದೀರಾ ನೋಡಿ, ಫಿಲಂ ಸುತ್ತಿದ್ದೀರಾ ನೋಡಿ. ಫಿಲಂ ಇಲ್ಲದೆ ಪರೀಕ್ಷಿಸುವಾಗ ಮಲ್ಟಿಪಲ್ ಎಕ್ಸ್‌ಪೋಷರ್ ಲಿವರ್ ಬಳಸಿ. ಆರ್‌ಬಿಯಲ್ಲಿ ಬ್ಯಾಟರಿ ಅನ್ನುವುದೇ ಇಲ್ಲ. ಮಮಿಯಾ 645ಗೆ 6 ವೋಲ್ಟಿನ ಪುಟ್ಟ ಬ್ಯಾಟರಿ ಬೇಕೇ ಬೇಕು. ಬ್ರೊನಿಕಾ ಇಟಿಆರ್‌ಎಸ್ ಬ್ಯಾಟರಿ ಇಲ್ಲದಿದ್ದರೆ 1/500ರಲ್ಲಿ ಮಾತ್ರ ಹೊಡೆಯುತ್ತದೆ. ಬ್ಯಾಟರಿ ಡಬ್ಬಿಯೊಳಗೆ ಹಸಿರು ಕಿಲುಬು ಇದ್ದರೆ ವಿನಿಗರ್ ತಾಗಿಸಿದ ಹತ್ತಿಯಿಂದ ಒರೆಸಿ, ಒಣಗಿಸಿ, ಮತ್ತೆ ನೋಡಿ.

ಹ್ಯಾಸೆಲ್‌ಬ್ಲಾಡ್ ನಿಜವಾಗಿ ಜಾಮ್ ಆಗುವುದೂ ಉಂಟು. ಬಾಡಿ, ಲೆನ್ಸ್ ಎರಡೂ ಕಾಕ್ ಆಗಿದ್ದಾಗ (ಸ್ಪ್ರಿಂಗ್ ಬಿಗಿದು ಹೊಡೆಯಲು ಸಿದ್ಧವಾಗಿದ್ದಾಗ) ಮಾತ್ರ ಕೂಡಿಸಬೇಕು, ಬಿಡಿಸಬೇಕು. ಒಂದು ಕಾಕ್ ಆಗಿ ಇನ್ನೊಂದು ಆಗದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಲೆನ್ಸ್ ಬಿಡಿಯಾಗಿದ್ದರೆ ಅದರ ಹಿಂದಿನ ಸೀಳಿಗೆ ಅಗಲ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿ ಕಾಕ್ ಮಾಡಬಹುದು. ಬಾಡಿಗೆ ಕಚ್ಚಿಕೊಂಡಿರುವ ಲೆನ್ಸಿಗೆ ಮಾತ್ರ ಬಲ ಹಾಕಬೇಡಿ. ಹ್ಯಾಂಡಲ್ ಎಲ್ಲಿ ಬಿಗಿಯಾಗುತ್ತದೋ ಅಲ್ಲಿಗೆ ನಿಲ್ಲಿಸಿ ರಿಪೇರಿಗೆ ಒಯ್ಯಿರಿ. ಬಲ ಹಾಕಿ ತಿರುಗಿಸಿದರೆ ಸಣ್ಣ ಖರ್ಚಿನ ಕೆಲಸ ದೊಡ್ಡ ಖರ್ಚಿನದ್ದಾಗುತ್ತದೆ.

ಚಿತ್ರದ ಮೇಲೆ ಬೆಳಕಿನ ಬರೆ

ಎಲ್ಲಿ ಬಂದಿದೆ ಅನ್ನುವುದೇ ಸುಳಿವು. ಫಿಲಂನ ಉದ್ದಕ್ಕೂ ಎರಡು ಅಂಚಿನಲ್ಲಿ, ಫ್ರೇಮಿನ ಆಚೆಯಿಂದ ಒಳಗೆ ಇಳಿದಿದ್ದರೆ ರೋಲ್ ಸಡಿಲವಾಗಿ ಸುತ್ತಿಕೊಂಡಿತ್ತು. ಹೊಟ್ಟೆ ಉಬ್ಬಿದ ರೋಲನ್ನು ಬಿಸಿಲಲ್ಲಿ ಹೊರತೆಗೆದಿದ್ದೀರಿ. ಪ್ರತಿ ಫ್ರೇಮಿನಲ್ಲೂ ಒಂದೇ ಮೂಲೆಯಲ್ಲಿ ಬಂದರೆ ಫಿಲಂ ಬ್ಯಾಕ್‌ನ ಸೀಲ್. ಅಂಟಂಟು ಕಪ್ಪು ಸ್ಪಂಜು ಬೆರಳಿಗೆ ಮೆತ್ತಿಕೊಂಡರೆ ಅದು ಕೊಳೆತಿದೆ. ಇದು ಅಗ್ಗದ ರಿಪೇರಿ, ಮನೆಯಲ್ಲೇ ಮಾಡಬಹುದು. ಹಳೆಯದನ್ನು ಕಡ್ಡಿಯಿಂದ ಕೆರೆದು, ತೆಳ್ಳನೆಯ ಕಪ್ಪು ಫೋಮ್ ಅಂಟಿಸಿ. ಬೆಲೆ ಇಳಿಸಲು ಒಳ್ಳೆಯ ನೆಪ ಕೂಡ.

ಆರ್‌ಬಿಯಲ್ಲಿ ಮಸುಕು ಮಸುಕಾದ ಬೆಳಕಿನ ಮಚ್ಚೆ ಬಂದರೆ ತಿದಿಯ ಮಡಿಕೆಗಳು. ಕತ್ತಲ ಕೋಣೆಯಲ್ಲಿ ತಿದಿ ಪೂರ್ತಿ ಹೊರಗೆಳೆದು ಒಳಗೆ ಟಾರ್ಚ್ ಹಿಡಿಯಿರಿ. ಮೂಲೆಗಳಲ್ಲಿ ಚುಕ್ಕೆ ಹೊಳೆದರೆ ಅಲ್ಲೇ ತೂತು.

ಚಿತ್ರವೆಲ್ಲ ಮಂಜು ಕವಿದ ಹಾಗೆ

ಕರಾವಳಿ, ಮಲೆನಾಡಿನ ಕ್ಯಾಮೆರಾ ಅಂದರೆ ಮೊದಲು ಇದನ್ನೇ ನೋಡಬೇಕು. ಅಪರ್ಚರ್ ಪೂರ್ತಿ ತೆರೆದು, ಶಟರ್ ತೆರೆದಿಟ್ಟು, ಒಂದು ಕಡೆಯಿಂದ ಓರೆಯಾಗಿ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು. ಇಡೀ ಗಾಜು ಉಸಿರು ಬಿಟ್ಟ ಕನ್ನಡಿಯ ಹಾಗಿದ್ದರೆ ಒಳಗಿನ ಎಣ್ಣೆಯ ಆವಿ ಕೂತಿದೆ, ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಚಂದ್ರ ಕಂಡರೆ ಎರಡು ಗಾಜು ಅಂಟಿಸಿದ ಗೋಂದು ಬಿಟ್ಟಿದೆ. ಅದನ್ನು ಸರಿಮಾಡುವುದು ಲಾಭದ ಮಾತಲ್ಲ.

ಒಂದೆರಡು ಗೀರು, ನಾಲ್ಕು ಧೂಳಿನ ಕಣಕ್ಕೆ ಹೆದರಬೇಡಿ, ಫೋಟೋದಲ್ಲಿ ಕಾಣುವುದೇ ಇಲ್ಲ. ಅಂಚಿನ ಸಣ್ಣ ಬೂಷ್ಟೂ ಅಷ್ಟೇನೂ ಕಾಡುವುದಿಲ್ಲ. ನಡುವೆ ಹರಡಿದ ಬೂಷ್ಟು ಮಾತ್ರ ಗಾಜಿನ ಮೇಲಿನ ಕೋಟಿಂಗ್ ತಿಂದಿರುತ್ತದೆ. ಒರೆಸಿದ ಮೇಲೂ ಅದರ ಗುರುತು ಉಳಿಯುತ್ತದೆ. ಚಂದ ಕಾಣುವ ಹಳೇ ಚರ್ಮದ ಕೇಸ್ ಜೊತೆಗೆ ಕೊಟ್ಟರೆ ತಗೊಳ್ಳಿ, ಆದರೆ ಕ್ಯಾಮೆರಾ ಅದರೊಳಗೆ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಬೂಷ್ಟಿನ ತವರುಮನೆ ಅದೇ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಜೆಲ್ ಒಣಗಿಸುವುದು, ಇಷ್ಟು ಮಾಡಿದರೆ ಆಯಿತು.

ನೋಡುವ ಗಾಜಿನಲ್ಲಿ ಫೋಕಸ್ ಸರಿ, ನೆಗೆಟಿವ್‌ನಲ್ಲಿ ಇಲ್ಲ

ಮೊದಲು ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಫ್ಲಾಶಿನಲ್ಲಿ ತೆಗೆಯಿರಿ. ಸರಿ ಬಂದರೆ ತಪ್ಪು ಕೈ ನಡುಕದ್ದು. ಯಾಶಿಕಾ 124ಜಿಯಲ್ಲಿ ಹಿಂದಿನ ಒತ್ತು ತಗಡಿಗೆ 120, 220 ಅಂತ ಎರಡು ಸ್ಥಾನ ಇದೆ. 220 ಫಿಲಂಗೆ ಹಿಂದೆ ಕಾಗದ ಇರುತ್ತಿರಲಿಲ್ಲ, ಅದಕ್ಕೇ ಈ ವ್ಯವಸ್ಥೆ. ತಗಡು 120ರ, ಅಂದರೆ 12 ಫೋಟೋದ ಗುರುತಿನಲ್ಲೇ ಇರಬೇಕು.

ಅವಳಿ ಲೆನ್ಸಿನ ಕ್ಯಾಮೆರಾದಲ್ಲಿ ಮೇಲಿನ ಲೆನ್ಸಲ್ಲಿ ನೋಡುತ್ತೀರಿ, ಕೆಳಗಿನದ್ದು ಫೋಟೋ ತೆಗೆಯುತ್ತದೆ. ಎರಡೂ ಒಂದೇ ಹೆಜ್ಜೆ ಹಾಕಬೇಕು. ಯಾರೋ ಮೇಲಿನ ಲೆನ್ಸ್ ಬಿಚ್ಚಿ ಒರೆಸಿ ಅಂದಾಜಿಗೆ ಕೂರಿಸಿದ್ದರೆ ಹೊಂದಾಣಿಕೆ ತಪ್ಪಿರುತ್ತದೆ. ಪರೀಕ್ಷೆ ಹೀಗೆ: ಹಿಂದಿನ ಬಾಗಿಲು ತೆರೆದು, ಫಿಲಂ ಓಡುವ ಹಳಿಗಳ ಮೇಲೆ ಮಸುಕು ಟೇಪನ್ನು ಬಿಗಿಯಾಗಿ ಅಂಟಿಸಿ, ಶಟರ್ 'ಬಿ'ಯಲ್ಲಿ ತೆರೆದಿಡಿ. ದೂರದ ದೀಪ ಒಂದಕ್ಕೆ ಮೇಲೆ ಫೋಕಸ್ ಮಾಡಿ, ಕೆಳಗೆ ಟೇಪಿನ ಮೇಲೆ ಬಿದ್ದ ಬಿಂಬವನ್ನು ಭೂತಗನ್ನಡಿಯಲ್ಲಿ ನೋಡಿ. ಅದೂ ಚುರುಕಾಗಿರಬೇಕು. ಇಲ್ಲದಿದ್ದರೆ ರಿಪೇರಿಯವರಿಗೆ 'ಮೇಲಿನ ಲೆನ್ಸ್ ಹೊಂದಿಸಿ' ಅಂತ ನೇರ ಹೇಳಿ, ಸಣ್ಣ ಕೆಲಸ.

ಫ್ರೇಮಿನ ಮೇಲೆ ಫ್ರೇಮ್ ಏರಿದೆ

ರೋಲ್ ಶುರುವಿನಲ್ಲಿ ಕಾಗದದ ಬಾಣವನ್ನು ಕ್ಯಾಮೆರಾದ ಗುರುತಿಗೆ ಸರಿಯಾಗಿ ನಿಲ್ಲಿಸಿದ್ದೀರಾ? ಫಿಲಂ ಬಿಗಿಯಾಗಿತ್ತೇ? ಎರಡೂ ಸರಿಯಿದ್ದರೆ ಗಿಯರ್ ಸವೆದಿದೆ. ಹ್ಯಾಸೆಲ್‌ಬ್ಲಾಡ್ ಮ್ಯಾಗಜಿನ್ ಆದರೆ ಒಳಗಿನ ಭಾಗದ ಮೂರು ಅಂಕಿ ಹೊರಗಿನ ನಂಬರಿನ ಕೊನೆಯ ಮೂರು ಅಂಕಿಗೆ ಹೊಂದಬೇಕು. ಹೊಂದದಿದ್ದರೆ ಎರಡು ಬೇರೆ ಮ್ಯಾಗಜಿನ್ ಸೇರಿಸಿ ಒಂದು ಮಾಡಿದ್ದಾರೆ. ಅದು ಕೆಲಸ ಮಾಡಬಹುದು, ಆದರೆ ಜೊತೆಯಾಗಿ ಹುಟ್ಟಿದ್ದರ ಬೆಲೆ ಅದಕ್ಕೆ ಕೊಡಬೇಡಿ. ಇಲ್ಲಿ ಆ ಹಾಳು ರೋಲ್ ಹೊರತೆಗೆಯಿರಿ. ಬ್ಯಾಕ್ ತೆಗೆಯಲು ಬಾರದ ಯಾಶಿಕಾದಲ್ಲಿ ಇದಾಗದು, ಲೆನ್ಸ್ ಅಡ್ಡ ಇರುತ್ತದೆ. ಮ್ಯಾಗಜಿನ್ ಆದರೆ ಡಾರ್ಕ್ ಸ್ಲೈಡ್ ತೆಗೆದು ಎದುರಿನಿಂದ, ಪ್ರತಿ ಫ್ರೇಮಿನ ನಡುವೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಟ್ಟು ಸುತ್ತುತ್ತಾ ಹೋಗಿ. ಆಮೇಲೆ ರೋಲ್ ಬಿಚ್ಚಿ ಚುಕ್ಕೆಗಳ ನಡುವೆ ಸ್ಕೇಲ್ ಇಡಿ. 6x6 (6 ಸೆಂಟಿಮೀಟರಿನ ಚೌಕ ಚಿತ್ರ) ಆದರೆ ಪ್ರತಿ ಸಲವೂ 6 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬರಬೇಕು. ಇದನ್ನು ಮಾರುವವರ ಎದುರೇ, ಅವರ ಟೇಬಲ್ಲಿನ ಮೇಲೇ ಮಾಡಿ. ಬೆಲೆ ಬಗ್ಗೆ ಮಾತು ಆಮೇಲೆ ತೆಗೆಯಿರಿ.